ಚಿಂದಿ ಗಂಟಿನ ಗೊಂಬೆಗಳು

ಬಟ್ಟೆ ಗೊಂಬೆ ಮಾಡಲು ಅಂಗಡಿಗೆ ಹೋಗಬೇಕಿಲ್ಲ. ಮನೆಯಲ್ಲಿ ಒಂದು ಹಳೆಯ ಸೀರೆ, ಒಂದು ಹಳೆಯ ಧೋತರ, ಎರಡು ಹಿಡಿ ಹತ್ತಿ, ಸೂಜಿ, ದಾರ, ಕತ್ತರಿ ಇದ್ದರೆ ಸಾಕು. ಇಷ್ಟೆಲ್ಲ ಇದ್ದರೂ ಎಷ್ಟೋ ಮನೆಗಳಲ್ಲಿ ಗೊಂಬೆ ಹುಟ್ಟುವುದಿಲ್ಲ. ಕುಳಿತು ಹೊಲಿಯುವವರೊಬ್ಬರು ಬೇಕು, ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುವವರೂ ಒಬ್ಬರು ಬೇಕು. ಮೊದಲನೆಯ ಕೆಲಸಕ್ಕೆ ಪುರುಸೊತ್ತು ಇರುವುದು ಅಜ್ಜ-ಅಜ್ಜಿಯರಿಗೆ. ಎರಡನೆಯದಕ್ಕೆ ಬೇಕಾದ ಕಣ್ಣು ಇರುವುದು ಮೊಮ್ಮಕ್ಕಳಿಗೆ. ಹೀಗಾಗಿ ಇದು ಒಬ್ಬರೇ ಮಾಡುವ ಹವ್ಯಾಸವಲ್ಲ, ಜೋಡಿ ಹವ್ಯಾಸ.

ನಮ್ಮೂರು ಹಿಟ್ನಾಳ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಹುಲಿಗೆಮ್ಮನ ಹುಲಿಗಿ, ತುಂಗಭದ್ರಾ ಅಣೆಕಟ್ಟಿನ ಮುನಿರಾಬಾದ್ ನಮಗೆ ನೆರೆಯ ಊರುಗಳು. ನಾನು ಇಲ್ಲಿ ದರ್ಜಿ. ನಲವತ್ತು ವರ್ಷ ಕಾಲಿನಿಂದ ತುಳಿಯುವ ಯಂತ್ರದ ಮುಂದೆ ಕುಳಿತು ಅಂಗಿ, ಚಡ್ಡಿ, ಲಂಗ, ಜಂಪರು, ಶಾಲೆ ಸಮವಸ್ತ್ರ ಹೊಲಿದೆ. ಈಗ ಸಿದ್ಧ ಉಡುಪು ಬಂದು ದೊಡ್ಡವರ ಬಟ್ಟೆ ಹೊಲಿಸುವವರು ಕಡಿಮೆಯಾಗಿದ್ದಾರೆ. ಆದರೆ ನನ್ನ ಗಿರಾಕಿಗಳು ಕಡಿಮೆಯಾಗಿಲ್ಲ, ಗಿಡ್ಡರಾಗಿದ್ದಾರೆ ಅಷ್ಟೇ. ಒಂದೊಂದು ಗಿರಾಕಿಯ ಎತ್ತರ 30 ಸೆಂಟಿಮೀಟರ್!

ಅಂಗಡಿಯ ಮೂಲೆಯಲ್ಲಿ ಒಂದು ಚಿಂದಿ ಗಂಟು ಇದೆ. ಹೊಲಿದು ಉಳಿದ ತುಂಡುಗಳನ್ನೆಲ್ಲ ಅದರಲ್ಲಿ ಹಾಕುತ್ತಿದ್ದೆ. ನನ್ನ ಹೆಂಡತಿ ಅದನ್ನು ಬಿಚ್ಚಿ, ದೊಡ್ಡ ತುಂಡುಗಳನ್ನು ಆರಿಸಿಕೊಂಡು ಕೌದಿ ಹೊಲಿಯುತ್ತಿದ್ದಳು. ಕೌದಿಗೂ ಸಾಲದ ಅಂಗೈ ಅಗಲದ ತುಂಡುಗಳು ಗಂಟಿನಲ್ಲಿಯೇ ಉಳಿಯುತ್ತಿದ್ದವು. ಗೊಂಬೆಗೆ ಬೇಕಾದದ್ದು ಅವೇ.

ಗೊಂಬೆಗಳ ಸೀಮೆ

ನಮ್ಮ ಕೊಪ್ಪಳ ಸೀಮೆಗೆ ಗೊಂಬೆ ಹೊಸದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ದೇವರ ಮೂರ್ತಿ, ಪ್ರಾಣಿ, ಪಕ್ಷಿ, ಆಟಿಕೆ ಎಲ್ಲವೂ ಅಲ್ಲಿ ಆಗುತ್ತವೆ. ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ದರ್ಜಿಯಾದ ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ ಒಂದಿದೆ. ಗೊಂಬೆಗೆ ಅವರು ಬಳಸುವ 'ಕಿಟ್ಟ'ದಲ್ಲಿ ಚಿಂದಿ ಇದೆ! ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನ ಜೊತೆ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ. ಗೊಂಬೆ ಜೋಡಿಸಿದ ಮೇಲೆ ಮೈತುಂಬ ಹತ್ತಿಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಬಳಿಯುತ್ತಾರೆ. ಅಂದರೆ ಕಿನ್ನಾಳದ ಮರದ ಗೊಂಬೆಗೂ ಬಣ್ಣದ ಒಳಗೆ ಹತ್ತಿಯ ಅಂಗಿ ಇದೆ.

ನಮ್ಮದೇ ತಾಲ್ಲೂಕಿನ ಮೋರನಾಳದಲ್ಲಿ ತೊಗಲು ಗೊಂಬೆ ಆಡಿಸುವ ಮನೆತನವಿದೆ. ಆ ಮನೆತನದ ಹಿರಿಯರಾದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಆಗ ಅವರ ವಯಸ್ಸು 96. ಇನ್ನು ಭಾನಾಪುರದ ಬಳಿ ಕಾರ್ಖಾನೆಗಳಲ್ಲಿ ಆಟಿಕೆ ತಯಾರಿಸುವ ದೊಡ್ಡ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಹಾಕಿದರು. ಮರ, ತೊಗಲು, ಪ್ಲಾಸ್ಟಿಕ್ ಎಲ್ಲ ಆಯಿತು. ಆದರೆ ಮರಕ್ಕೆ ಉಳಿ ಬೇಕು, ತೊಗಲಿಗೆ ಮನೆತನದ ವಿದ್ಯೆ ಬೇಕು, ಪ್ಲಾಸ್ಟಿಕ್ಕಿಗೆ ಯಂತ್ರ ಬೇಕು. ಮೂರನೆಯ ತರಗತಿಯ ಮಗುವೂ ತನ್ನ ಕೈಯಾರೆ ಪೂರ್ತಿ ಮಾಡಬಹುದಾದದ್ದು ಬಟ್ಟೆ ಗೊಂಬೆ ಒಂದೇ.

ಮೊದಲು ಮೈ

ಮಕ್ಕಳೇ, ಗೊಂಬೆಯ ಬಟ್ಟೆಗಿಂತ ಮೊದಲು ಗೊಂಬೆಯ ಮೈ ಹೊಲಿಯಬೇಕು. ಅದಕ್ಕೆ ಹಳೆಯ ಧೋತರ ಒಳ್ಳೆಯದು. ಬಿಳಿಯೇ ಬೇಕೆಂದಿಲ್ಲ. ಧೋತರದ ತುಂಡನ್ನು ಚಹಾ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ನಮ್ಮೆಲ್ಲರ ಮೈಬಣ್ಣ ಬರುತ್ತದೆ. ಹೆಚ್ಚು ಹೊತ್ತು ಅದ್ದಿದರೆ ಗಾಢ, ಕಡಿಮೆ ಹೊತ್ತು ಅದ್ದಿದರೆ ತಿಳಿ.

ಒಂದು ಕಾಗದದ ಮೇಲೆ ಗೊಂಬೆಯ ಆಕಾರ ಬರೆಯಿರಿ. ತಲೆ ಒಂದು ಪಾಲು, ಉಳಿದ ಮೈ ಮೂರು ಪಾಲು ಇರಲಿ. ನಿಜವಾದ ದೊಡ್ಡವರ ತಲೆ ಮೈಯ ಏಳನೆಯ ಒಂದು ಪಾಲು ಮಾತ್ರ. ಆದರೆ ಗೊಂಬೆಗೆ ದೊಡ್ಡ ತಲೆಯೇ ಚೆಂದ, ಮುಖ ಹೊಲಿಯಲು ಜಾಗವೂ ಸಿಗುತ್ತದೆ. ಕುತ್ತಿಗೆಯನ್ನು ತೀರ ಸಣ್ಣ ಮಾಡಬೇಡಿ, ಹತ್ತಿ ತುಂಬುವಾಗ ನಿಮ್ಮ ಬೆರಳು ಅದರೊಳಗೆ ಹೋಗಬೇಕು.

ಬಟ್ಟೆಯನ್ನು ಎರಡು ಪದರ ಮಾಡಿ ಆಕಾರ ಇಡುವ ಮುನ್ನ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ಉದ್ದಕ್ಕೆ ಹಿಡಿದು ಎಳೆಯಿರಿ, ಆಮೇಲೆ ಅಡ್ಡಕ್ಕೆ ಎಳೆಯಿರಿ, ಕೊನೆಗೆ ಮೂಲೆಯಿಂದ ಮೂಲೆಗೆ ಎಳೆಯಿರಿ. ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ, ಅಡ್ಡಕ್ಕೆ ಸ್ವಲ್ಪ ಹಿಗ್ಗುತ್ತದೆ, ಓರೆಗೆ ಎಳೆದರೆ ಬಹಳ ಹಿಗ್ಗುತ್ತದೆ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಗಿದು ಕಟ್ಟಿರುತ್ತಾರೆ, ಆದ್ದರಿಂದ ಅವು ಹಿಗ್ಗುವುದಿಲ್ಲ. ಗೊಂಬೆಯ ತಲೆಯಿಂದ ಕಾಲಿನವರೆಗಿನ ಗೆರೆ ಹಾಸಿನ ಎಳೆಯ ಗುಂಟ ಬರಬೇಕು. ಓರೆಯಾಗಿ ಕತ್ತರಿಸಿದ ಗೊಂಬೆ ಹತ್ತಿ ತುಂಬಿದಂತೆಲ್ಲ ಸೊಟ್ಟಗಾಗುತ್ತ ಹೋಗುತ್ತದೆ.

ಹೊಲಿಯುವಾಗ ಕೌದಿಗೆ ಹಾಕುವ ಹಾಗೆ ಬರಿಯ ಓಡುಹೊಲಿಗೆ ಸಾಲದು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುವ ಹಿಮ್ಮುಖ ಹೊಲಿಗೆ ಹಾಕಬೇಕು. ಒಳಗೆ ತುಂಬಿದ ಹತ್ತಿ ಹೊಲಿಗೆಯನ್ನು ಯಾವಾಗಲೂ ಹೊರಗೆ ತಳ್ಳುತ್ತಿರುತ್ತದೆ. ಓಡುಹೊಲಿಗೆಯಲ್ಲಿ ದಾರ ಜಗ್ಗಿ ಸಂದು ಬಿಡುತ್ತದೆ, ಹಿಮ್ಮುಖ ಹೊಲಿಗೆಯಲ್ಲಿ ಬಿಡುವುದಿಲ್ಲ. ಪಕ್ಕದಲ್ಲಿ ಮೂರು ಬೆರಳಿನಷ್ಟು ಬಾಯಿ ಬಿಟ್ಟು ಉಳಿದದ್ದನ್ನೆಲ್ಲ ಹೊಲಿಯಿರಿ. ಕುತ್ತಿಗೆ, ಕಂಕುಳು, ಕಾಲಿನ ಸಂದುಗಳಲ್ಲಿ ಬಟ್ಟೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಡಿ. ಕಚ್ಚು ಹೊಲಿಗೆಗೆ ತಾಗಬಾರದು. ಕಚ್ಚು ಕೊಡದಿದ್ದರೆ ಒಳಗಿನದನ್ನು ಹೊರಗೆ ತಿರುವಿದಾಗ ಅಲ್ಲಿ ಸುಕ್ಕು ಬೀಳುತ್ತದೆ.

ಹತ್ತಿ ನಮ್ಮ ಹೊಲದ್ದೇ ಆಗಬಹುದು, ಆದರೆ ಬೀಜ ಬಿಡಿಸಿರಬೇಕು. ಬೀಜ ಉಳಿದರೆ ಹುಳು ಬರುತ್ತದೆ. ಹತ್ತಿಯನ್ನು ಉಂಡೆ ಮಾಡಿ ತುರುಕಬೇಡಿ. ಬಿಡಿಬಿಡಿಯಾಗಿ ಹಿಂಜಿ, ಸ್ವಲ್ಪ ಸ್ವಲ್ಪವೇ, ಮೊದಲು ಕೈಕಾಲುಗಳ ತುದಿಗೆ, ಆಮೇಲೆ ತಲೆಗೆ, ಕೊನೆಗೆ ಹೊಟ್ಟೆಗೆ ತುಂಬಿ. ಕುತ್ತಿಗೆಗೆ ಮಾತ್ರ ಬಟ್ಟೆಯ ಬತ್ತಿಯನ್ನು ಬಿಗಿಯಾಗಿ ಸುತ್ತಿ ಇಡಿ, ಆಗ ತಲೆ ವಾಲುವುದಿಲ್ಲ.

ಕಣ್ಣಿಗೆ ಗುಂಡಿ ಹೊಲಿಯುವ ರೂಢಿ ಇದೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಗುಂಡಿ, ಮಣಿ, ಟಿಕಳಿ ಯಾವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ಕಪ್ಪು ದಾರದಲ್ಲಿ ಕಣ್ಣು, ಕೆಂಪು ದಾರದಲ್ಲಿ ಬಾಯಿ ಹೊಲಿದರೆ ಅದೇ ಸಾಕು. ಬಾಯಿಯನ್ನು ಬಹಳ ನಗಿಸಬೇಡಿ ಎಂಬುದು ನನ್ನ ಮಾತು. ತುಸುವೇ ನಗುವ ಗೊಂಬೆ ಮಗು ಅಳುವಾಗಲೂ ಜೊತೆಗಿರುತ್ತದೆ. ಹಲ್ಲು ಕಿಸಿದ ಗೊಂಬೆ ಆಗ ಅಣಕಿಸಿದ ಹಾಗೆ ಕಾಣುತ್ತದೆ.

ಗೊಂಬೆ ಸಣ್ಣದಾಗುತ್ತದೆ, ದಾರ ಸಣ್ಣದಾಗುವುದಿಲ್ಲ

ಗೊಂಬೆಯ ಬಟ್ಟೆ ಹೊಲಿಯುವುದು ದೊಡ್ಡವರ ಬಟ್ಟೆಗಿಂತ ಸುಲಭ ಎಂದು ಬಹಳ ಜನ ತಿಳಿಯುತ್ತಾರೆ. ಅದು ಹಾಗಲ್ಲ. 150 ಸೆಂಟಿಮೀಟರ್ ಎತ್ತರದ ಹೆಂಗಸಿನ ಬದಲು 30 ಸೆಂಟಿಮೀಟರ್ ಗೊಂಬೆಗೆ ಹೊಲಿಯುವಾಗ ಅಳತೆಯೆಲ್ಲ ಐದನೆಯ ಒಂದು ಪಾಲಾಗುತ್ತದೆ. ಆದರೆ ಬಟ್ಟೆಯ ದಪ್ಪ ಅಷ್ಟೇ ಇರುತ್ತದೆ, ದಾರದ ದಪ್ಪವೂ ಅಷ್ಟೇ. ಗೊಂಬೆಯ ಮೈಮೇಲೆ ಸಾದಾ ಸಮವಸ್ತ್ರದ ಬಟ್ಟೆ ಗೋಣಿಚೀಲದ ಹಾಗೆ ನಿಲ್ಲುತ್ತದೆ. ಎರಡು ಸಲ ಮಡಚಿ ಹೊಲಿದ ಅಂಚು ಹಗ್ಗದ ಹಾಗೆ ಕಾಣುತ್ತದೆ.

ಇದಕ್ಕೆ ಉಪಾಯ ಹಳೆಯ ಬಟ್ಟೆ. ನೂರಾರು ಸಲ ಒಗೆದ ಹತ್ತಿ ಸೀರೆ ಸವೆದು ತೆಳ್ಳಗಾಗಿ, ಮೆತ್ತಗಾಗಿ ಗೊಂಬೆಯ ಮೈಗೆ ಹೊಂದಿಕೊಳ್ಳುತ್ತದೆ. ಹೊಸ ಬಟ್ಟೆ ಎಷ್ಟೇ ಬೆಲೆಯದಾದರೂ ಈ ಕೆಲಸಕ್ಕೆ ಹಳೆಯದರ ಮುಂದೆ ಸೋಲುತ್ತದೆ. ಇನ್ನೊಂದು ಉಪಾಯ, ಅಂಚು ಮಡಚುವ ಬದಲು ಬಟ್ಟೆಯ ಸ್ವಂತ ಅಂಚನ್ನೇ ಬಳಸುವುದು. ಸೀರೆಯ, ಧೋತರದ ಅಂಚಿನಿಂದ ಎಳೆ ಬಿಚ್ಚಿ ಬರುವುದಿಲ್ಲ. ಲಂಗದ ಕೆಳಭಾಗಕ್ಕೆ ಆ ಅಂಚು ಬರುವಂತೆ ಕತ್ತರಿಸಿದರೆ ಒಂದು ಹೊಲಿಗೆ ಉಳಿಯಿತು.

ಲಂಗಕ್ಕೆ ಗೊಂಬೆಯ ಸೊಂಟದ ಎರಡು ಪಟ್ಟು ಅಗಲದ ಬಟ್ಟೆ ತೆಗೆದುಕೊಳ್ಳಿ. ಮೂರು ಪಟ್ಟು ತೆಗೆದುಕೊಂಡರೆ ನೆರಿಗೆ ಸೊಂಟದಲ್ಲಿ ಗುಡ್ಡೆಯಾಗುತ್ತದೆ. ಜಂಪರಿನ ವಿಷಯ ಬೇರೆ. ನೀವು ಅಂಗಿ ತೊಡುವಾಗ ಕೈ ಎತ್ತುತ್ತೀರಿ, ಮೊಣಕೈ ಮಡಚುತ್ತೀರಿ. ಗೊಂಬೆ ಮಡಚುವುದಿಲ್ಲ, ತಲೆಯೂ ದೊಡ್ಡದು. ಆದ್ದರಿಂದ ಜಂಪರನ್ನು ಬೆನ್ನಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ತೆರೆದಿಟ್ಟು, ಟಿಚ್ ಗುಂಡಿ ಇಲ್ಲವೆ ಲಾಡಿ ಹಚ್ಚಬೇಕು. ತೋಳನ್ನು ಮೊದಲು ಜೋಡಿಸಿ, ಆಮೇಲೆ ತೋಳಿನ ತುದಿಯಿಂದ ಸೊಂಟದವರೆಗೆ ಒಂದೇ ಹೊಲಿಗೆಯಲ್ಲಿ ಪಕ್ಕ ಮುಚ್ಚಬೇಕು. ದೊಡ್ಡವರ ಅಂಗಿಗೆ ತೋಳನ್ನು ಕೊನೆಗೂ ಕೂಡಿಸಬಹುದು. ಗೊಂಬೆಯ ತೋಳಿನೊಳಗೆ ನನ್ನ ಕಿರುಬೆರಳು ಕೂಡ ಹೋಗುವುದಿಲ್ಲ!

ಬಟ್ಟೆಯನ್ನು ಬಿಚ್ಚಿ ತೊಡಿಸುವಂತೆ ಹೊಲಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹತ್ತಿ ತುಂಬಿದ ಗೊಂಬೆಯನ್ನು ಒಗೆದರೆ ಒಳಗೆ ಬೇಗ ಒಣಗದೆ ಬೂಸ್ಟು ಹಿಡಿಯುತ್ತದೆ. ಬಟ್ಟೆ ಮಾತ್ರ ಬಿಚ್ಚಿ ಒಗೆದರೆ ಗೊಂಬೆ ಬಹಳ ವರ್ಷ ಬಾಳುತ್ತದೆ.

ಒಂದು ಇಳಕಲ್ ಸೀರೆಯ ಲೆಕ್ಕ

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅವಳ ಸೀರೆಗಳು ಟ್ರಂಕಿನಲ್ಲಿದ್ದವು. ಎಲ್ಲ ಇಳಕಲ್ ಸೀರೆ, ಎಲ್ಲ ಎಂಟು ಗಜದವು. ಸೊಸೆಯಂದಿರು ಉಡುವುದು ಆರು ಗಜದ ಸೀರೆ. ಎಂಟು ಗಜ ಉಟ್ಟರೆ ಎಡವುತ್ತೇವೆ ಎನ್ನುತ್ತಾರೆ, ಅದು ನಿಜವೂ ಹೌದು. ಹೀಗಾಗಿ ಟ್ರಂಕು ವರ್ಷಕ್ಕೊಮ್ಮೆ ಬಿಸಿಲಿಗೆ ಬರುತ್ತಿತ್ತು, ಬೇವಿನ ಎಲೆ ಹಾಕಿಸಿಕೊಂಡು ಒಳಗೆ ಹೋಗುತ್ತಿತ್ತು.

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ನಾಲ್ಕನೆಯ ತರಗತಿ ಮುಗಿಸಿದ ಹುಡುಗಿ. ನಾಲ್ಕು ಗೊಂಬೆಗಳಿಗೆ ಲಂಗ ಹೊಲಿದುಕೊಟ್ಟ ಮೇಲೆ ಕೇಳಿದಳು: "ಅಜ್ಜಾ, ಅಜ್ಜಿ ಗೊಂಬಿ ಮಾಡೂಣು. ಆದ್ರ ಸೀರಿ ಅಜ್ಜೀದ ಬೇಕು."

ನಾನು ಹೂಂ ಅನ್ನಲಿಲ್ಲ. ಎಷ್ಟೋ ಸಾವಿರ ಮೀಟರ್ ಬಟ್ಟೆ ಕತ್ತರಿಸಿದ ಕೈ ನನ್ನದು. ಈ ಬಟ್ಟೆಗೆ ಮಾತ್ರ ಕತ್ತರಿ ಹಿಡಿಯಲು ಮನಸ್ಸು ಬರಲಿಲ್ಲ. ಮೂರು ದಿನ ಬೇರೆ ಬೇರೆ ತುಂಡು ತೋರಿಸಿದೆ. ಅವಳು ಯಾವುದನ್ನೂ ಒಪ್ಪಲಿಲ್ಲ. ನಾಲ್ಕನೆಯ ದಿನ ಟ್ರಂಕು ತೆಗೆದು, ಅವಳಜ್ಜಿ ಹೆಚ್ಚು ಉಡುತ್ತಿದ್ದ ಹಸಿರು ಸೀರೆಯನ್ನು ಪಡಸಾಲೆಯಲ್ಲಿ ಹಾಸಿದೆವು.

ಹಾಸಿ ನೋಡಿದಾಗ ದರ್ಜಿಯ ಕಣ್ಣಿಗೆ ಒಂದು ಸಂಗತಿ ಕಂಡಿತು. ಸೀರೆ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ನೆಲಕ್ಕೆ ತಾಗುವ ದಡಿ ಸವೆದಿತ್ತು, ಹೆಗಲಿನ ಮೇಲೆ ಬರುವ ಭಾಗ ಬಿಸಿಲಿಗೆ ಮಾಸಿತ್ತು. ಆದರೆ ಸೆರಗಿನ ಎದುರು ತುದಿ, ಅಂದರೆ ಸೊಂಟಕ್ಕೆ ಸಿಕ್ಕಿಸಿ ಒಳಗೆ ಸುತ್ತುವ ತುದಿ, ಬಿಸಿಲು ಕಾಣದ ಕಾರಣ ಹೊಸ ಸೀರೆಯ ಬಣ್ಣವನ್ನೇ ಉಳಿಸಿಕೊಂಡಿತ್ತು. ಒಗೆದು ಒಗೆದು ಮೆತ್ತಗೂ ಆಗಿತ್ತು. ಗೊಂಬೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಬೇರೆ ಇಲ್ಲ.

ಆಮೇಲೆ ಲೆಕ್ಕ. ಭಾಗಾಕಾರ ಮಾಡಿದ್ದು ಮೊಮ್ಮಗಳು. ಎಂಟು ಗಜ ಎಂದರೆ ಸುಮಾರು 7.3 ಮೀಟರ್, ಅಂದರೆ 730 ಸೆಂಟಿಮೀಟರ್. ಐದರಿಂದ ಭಾಗಿಸಿದರೆ 146. ಗೊಂಬೆಯ ಎಂಟು ಗಜದ ಸೀರೆ 146 ಸೆಂಟಿಮೀಟರ್ ಉದ್ದ. ಅದರಲ್ಲಿ 21 ಸೆಂಟಿಮೀಟರ್ ಸೆರಗು, ಉಳಿದದ್ದು 125 ಸೆಂಟಿಮೀಟರ್. ಅಗಲ 115 ಸೆಂಟಿಮೀಟರ್ ಇದ್ದದ್ದು ಗೊಂಬೆಗೆ 23.

"ಅಂದ್ರ ಸವ್ವಾ ಮೀಟರ್ ಕತ್ತರಿಸಬೇಕು," ಅಂದೆ.

ಅವಳು ಇನ್ನೊಂದು ಲೆಕ್ಕ ಮಾಡಿದಳು. 7.3 ಮೀಟರಿನಲ್ಲಿ 1.25 ಕಳೆದರೆ ಆರು ಮೀಟರ್ ಮೇಲೆ ಉಳಿಯುತ್ತದೆ. ಆರು ಗಜದ ಸೀರೆಗೆ ಬೇಕಾದದ್ದು ಐದೂವರೆ ಮೀಟರ್. "ಅಜ್ಜಾ, ಉಳಿದ ಸೀರಿ ಅವ್ವಗ ಬರತೈತಿ!"

ನನ್ನ ಮನಸ್ಸಿನ ಗಂಟು ಬಿಚ್ಚಿದ್ದು ಆ ಲೆಕ್ಕದಿಂದ. ಯಾರೂ ಉಡದೆ ಟ್ರಂಕಿನಲ್ಲಿದ್ದ ಸೀರೆಯಿಂದ ಗೊಂಬೆಗೊಂದು ಸೀರೆ, ಅದೇ ಸೀರೆಯಿಂದ ಸೊಸೆಗೊಂದು ಸೀರೆ. ಕತ್ತರಿ ಹಿಡಿದೆ. ನೇರ ಗೆರೆ ಎಳೆಯಲು ಸೀಮೆಸುಣ್ಣ ಬಳಸಲಿಲ್ಲ. ಅಡ್ಡ ಎಳೆಯೊಂದನ್ನು ಸೂಜಿಯಿಂದ ಎತ್ತಿ ಪೂರ್ತಿ ಹೊರಗೆಳೆದರೆ ಬಟ್ಟೆಯಲ್ಲಿ ತಾನಾಗಿಯೇ ನೆಟ್ಟಗಿನ ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಕತ್ತರಿಸಿದೆ. ಎಳೆ ಎಳೆದದ್ದು ಅವಳು.

ಸೀರೆಯ ದಡಿ ನಾಲ್ಕು ಬೆರಳಿಗಿಂತ ಅಗಲ. ಹಾಗೆಯೇ ಬಿಟ್ಟರೆ ಗೊಂಬೆಯ ಅರ್ಧ ಮೈ ದಡಿಯೇ ಆಗುತ್ತದೆ. ಆದ್ದರಿಂದ ದಡಿ ಮತ್ತು ಒಡಲು ಕೂಡುವಲ್ಲಿ ಎರಡು ಸೆಂಟಿಮೀಟರ್ ದಡಿ ಮಾತ್ರ ಉಳಿಯುವಂತೆ ಕತ್ತರಿಸಿ, ಅಂಚನ್ನು ತೆಳ್ಳಗೆ ಒಂದೇ ಸಲ ಮಡಚಿ ಹೊಲಿದೆವು. ಸೀರೆಗೆ ಎರಡು ಕಡೆ ದಡಿ ಇರುವುದರಿಂದ ಎರಡು ಗೊಂಬೆಗಳ ಸೀರೆಗೆ ಬಟ್ಟೆ ಸಿಕ್ಕಿತು. ನಡುವೆ ಉಳಿದದ್ದರಲ್ಲಿ ಲಂಗ ಆಯಿತು.

ಇನ್ನು ಸೆರಗು. ಇಳಕಲ್ ಸೀರೆಯ ಗುರುತೇ ಅದರ ಕೆಂಪು ಸೆರಗು, ಅದರ ಮೇಲಿನ ಬಿಳಿಯ ಟೋಪಿತೆನಿ. ಮಗ್ಗದಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಿ ನೇಯುತ್ತಾರೆ. ನಾವು ಸೀರೆಯ ನಿಜವಾದ ಸೆರಗನ್ನು ಮುಟ್ಟಲಿಲ್ಲ. ಚಿಂದಿ ಗಂಟಿನಲ್ಲಿ ಕೆಂಪು ರೇಷ್ಮೆಯ ತುಂಡೊಂದು ಸಿಕ್ಕಿತು. ಅದನ್ನು ಒಡಲಿಗೆ ಕೂಡಿಸಿ, ಬಿಳಿ ದಾರದಲ್ಲಿ ಹಣಿಗೆಯ ಹಲ್ಲಿನ ಹಾಗೆ ಸಾಲು ಹೊಲಿಗೆ ಹಾಕಿದೆವು. ಕೂಡಿಸುವ ಮುನ್ನ ಕೆಂಪು ತುಂಡಿನ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಇದನ್ನು ನೀವೂ ಮಾಡಬೇಕು. ಜಂಪರಿಗೆ ಗುಳೇದಗುಡ್ಡದ ಖಣದ ತುಂಡು ಇತ್ತು. ಖಣದ ದೊಡ್ಡ ಹೂವು ಗೊಂಬೆಗೆ ಒಪ್ಪುವುದಿಲ್ಲ, ಸಣ್ಣ ಚುಕ್ಕಿಯ ಭಾಗ ಹುಡುಕಿ ಕತ್ತರಿಸಬೇಕು.

ಉಡಿಸುವುದು ಯಾರು?

ಸೀರೆ ಸಿದ್ಧವಾಯಿತು. ಆಗ ಒಂದು ಪ್ರಶ್ನೆ ಎದ್ದಿತು. ಎಂಟು ಗಜದ ಸೀರೆ ಉಡಿಸುವುದು ಹೇಗೆ? ನಾನು ಜೀವಮಾನವೆಲ್ಲ ಹೊಲಿದವನು, ಆದರೆ ಸೀರೆ ಹೊಲಿಯದೆ ಉಡುವ ಬಟ್ಟೆ. ನಮ್ಮ ಮನೆಯಲ್ಲಿ ಅದನ್ನು ಬಲ್ಲವಳು ಈಗಿಲ್ಲ. ಸೊಸೆಗೆ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಒಂದೇ ಮನೆಯಲ್ಲಿ ದಿನವೂ ನಡೆಯುತ್ತಿದ್ದ ಕೆಲಸ, ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ನಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಒಬ್ಬ ಮುತ್ತೈದೆ ಇದ್ದಾರೆ. ಈಗಲೂ ಕಚ್ಚೆ ಹಾಕಿ ಸೀರೆ ಉಡುವವರು. ಮೊಮ್ಮಗಳು ಗೊಂಬೆ ಹಿಡಿದು ಅವರ ಮನೆಗೆ ಹೋದಳು. ಆ ಅಜ್ಜಿ ಗೊಂಬೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಮೊದಲು ಸೊಂಟಕ್ಕೆ ಒಂದು ಸುತ್ತು ಬಿಗಿದು ಗಂಟು ಹಾಕಿದರು. ನೆರಿಗೆ ಹಿಡಿದು ಮುಂದೆ ಸಿಕ್ಕಿಸಿದರು. ನೆರಿಗೆಯ ತುದಿಯನ್ನು ಕಾಲುಗಳ ನಡುವಿನಿಂದ ಹಿಂದೆ ತಂದು ಬೆನ್ನಿಗೆ ಸಿಕ್ಕಿಸಿದರು. ಉಳಿದದ್ದನ್ನು ಸುತ್ತಿ ತಂದು ತಲೆಯ ಮೇಲೆ ಸೆರಗು ಹೊದಿಸಿದರು. "ಹೊಲದಾಗ ಬಗ್ಗಿ ಕಳೆ ತೆಗೀಬೇಕು, ನೀರಾಗ ಇಳೀಬೇಕು, ಅದಕ ಕಚ್ಚಿ," ಎಂದು ಕಾರಣವನ್ನೂ ಹೇಳಿದರು. ಮೊಮ್ಮಗಳು ಹತ್ತು ಸಲ ಬಿಚ್ಚಿ ಹತ್ತು ಸಲ ಉಡಿಸಿದಳು. ಊರಿಗೆ ಹೋದ ಮೇಲೆ ಗೊಂಬೆಯನ್ನು ಮುಂದಿಟ್ಟುಕೊಂಡು ತನ್ನ ತಾಯಿಗೂ ಕಲಿಸಿದ್ದಾಳೆ.

ಅಂದಿನಿಂದ ನನಗೆ ಈ ಹವ್ಯಾಸದ ಬೆಲೆ ಬೇರೆಯಾಗಿ ಕಾಣತೊಡಗಿದೆ. ಫೋಟೋದಲ್ಲಿ ಅಜ್ಜಿ ಸೀರೆ ಉಟ್ಟದ್ದು ಕಾಣುತ್ತದೆ, ಹೇಗೆ ಉಟ್ಟಳೆಂಬುದು ಕಾಣುವುದಿಲ್ಲ. ಗೊಂಬೆಯ ಸೀರೆಯನ್ನು ಬಿಚ್ಚಿ ನೋಡಬಹುದು. ಒಂದು ಸೂಚನೆ: ಕಚ್ಚೆ ಹಾಕಬೇಕಾದ ಗೊಂಬೆಗೆ ಎರಡು ಕಾಲನ್ನು ಬೇರೆ ಬೇರೆಯಾಗಿಯೇ ಹೊಲಿದಿರಬೇಕು.

ಭಾನುವಾರದ ಕಟ್ಟೆ

ಈಗ ಪ್ರತಿ ಭಾನುವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಕೂಡುತ್ತಾರೆ. ಮೊದಮೊದಲು ಹುಡುಗಿಯರೇ ಬರುತ್ತಿದ್ದರು. ಆರನೆಯ ತರಗತಿಯ ಹುಡುಗನೊಬ್ಬ ದೂರ ನಿಂತು, "ಹೊಲಿಯೂದು ಹೆಣ್ಮಕ್ಕಳ ಕೆಲಸ," ಎಂದ. "ನಿನ್ನ ಅಂಗಿ ಹೊಲಿದಾಂವ ಯಾರು?" ಎಂದು ಕೇಳಿದೆ. ಅದನ್ನು ಹೊಲಿದವನು ನಾನೇ. ಅವನು ನಕ್ಕು ಕುಳಿತ. ಈಗ ಅಜ್ಜ ಗೊಂಬೆ ಮಾಡುವುದರಲ್ಲಿ ಅವನೇ ಮುಂದು. ಧೋತರಕ್ಕೆ ಹಳೆಯ ಧೋತರದ ಅಂಚು, ರುಮಾಲಿಗೆ ಉದ್ದನೆಯ ತೆಳು ಪಟ್ಟಿ, ಹೆಗಲಿಗೆ ಹರಿದ ಕಂಬಳಿಯ ತುಂಡು. ಕಂಬಳಿಯ ಕತ್ತರಿಸಿದ ಅಂಚು ಬಿಚ್ಚದಂತೆ ಸುತ್ತಲೂ ಕಾಜಾ ಹೊಲಿಗೆ ಹಾಕುವುದನ್ನೂ ಕಲಿತಿದ್ದಾನೆ.

ಲಂಬಾಣಿ ಗೊಂಬೆಗೆ ತಾಂಡಾದ ಒಬ್ಬ ತಾಯಿಯನ್ನೇ ಕೇಳಿದೆವು. ಪೇಟಿಯಾ ಎಂಬ ಲಂಗ, ಬೆನ್ನು ತೆರೆದ ಕಾಂಚಳಿ, ತಲೆಯ ಮೇಲೆ ಟುಕ್ರಿ, ಮೂರನ್ನೂ ಅವರೇ ತೋರಿಸಿಕೊಟ್ಟರು. ಗಾಜಿನ ಕನ್ನಡಿಯ ಬದಲು ಹೊಳೆಯುವ ಪೊಟ್ಟಣದ ಕಾಗದವನ್ನು ಗುಂಡಗೆ ಕತ್ತರಿಸಿ, ಸುತ್ತ ದಾರ ಬಿಗಿದೆವು. ನಮಗೆ ಹತ್ತಿರದ ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಈ ಕಸೂತಿಯನ್ನೇ ಜೀವನೋಪಾಯ ಮಾಡಿಕೊಂಡಿದ್ದಾರೆ. ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ಸಿಕ್ಕಿದೆ.

ಕೈ ಪಳಗಿದ ಮಕ್ಕಳಿಗೆ ನಮ್ಮ ಧಾರವಾಡ ಸೀಮೆಯ ಕಸೂತಿ ಕಲಿಸುತ್ತೇವೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆ ಅದು, ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದೆ ಬಂದು ಖಾಲಿ ಜಾಗ ತುಂಬುವುದರಿಂದ ಒಳಗೂ ಹೊರಗೂ ಒಂದೇ ಚಿತ್ರ ಕಾಣುತ್ತದೆ. ಗೊಂಬೆಯ ಸೆರಗಿನ ಮೇಲೆ ಒಂದು ಸಣ್ಣ ಗೋಪುರ ಹಾಕಲು ಒಂದು ಸಂಜೆ ಬೇಕು. ದೊಡ್ಡ ಸೀರೆಯ ಮೇಲೆ ಹಾಕುವ ಹೆಣ್ಣುಮಕ್ಕಳ ತಾಳ್ಮೆ ಎಷ್ಟೆಂದು ಆಗ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ದೂರದ ಗೊಂಬೆಗಳು

ಚಿಂದಿಯಿಂದ ಗೊಂಬೆ ಮಾಡುವ ಬುದ್ಧಿ ಬಹಳ ಹಳೆಯದು. ರೋಮನ್ನರ ಕಾಲದಲ್ಲಿ ಈಜಿಪ್ತಿನ ಯಾವುದೋ ಮನೆಯಲ್ಲಿ ಅಗಸೆನಾರಿನ ಬಟ್ಟೆಯಲ್ಲಿ ಹೊಲಿದು, ಒಳಗೆ ಚಿಂದಿ ಮತ್ತು ಪಪೈರಸ್ ಚೂರು ತುಂಬಿದ ಒಂದು ಗೊಂಬೆ ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದಕ್ಕೆ ಕಡಿಮೆಯೆಂದರೂ ಒಂದೂವರೆ ಸಾವಿರ ವರ್ಷ.

1927ರಲ್ಲಿ ಅಮೆರಿಕದ ಮಕ್ಕಳು ಜಪಾನಿನ ಮಕ್ಕಳಿಗೆ ಸ್ನೇಹದ ಗುರುತಾಗಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗೊಂಬೆಗಳನ್ನು ಕಳಿಸಿದರು. ಅವುಗಳ ಬಟ್ಟೆಗಳನ್ನು ಮನೆಮನೆಗಳಲ್ಲಿ ಕೈಯಿಂದ ಹೊಲಿದಿದ್ದರು. ಜಪಾನು 58 ದೊಡ್ಡ ಗೊಂಬೆಗಳನ್ನು ಮರುಕಾಣಿಕೆಯಾಗಿ ಕಳಿಸಿತು. ಮುಂದೆ ಎರಡೂ ದೇಶಗಳ ನಡುವೆ ಯುದ್ಧವಾದಾಗ ಜಪಾನಿನಲ್ಲಿದ್ದ ಬಹಳಷ್ಟು ಗೊಂಬೆಗಳನ್ನು ಶತ್ರುಗಳ ಗೊಂಬೆಗಳೆಂದು ನಾಶ ಮಾಡಿದರು. ಆದರೆ ಕೆಲವರು ಅಪಾಯವನ್ನು ಲೆಕ್ಕಿಸದೆ ಗೊಂಬೆಗಳನ್ನು ಬಚ್ಚಿಟ್ಟು ಕಾಪಾಡಿದರು. ಅವು ಇಂದಿಗೂ ಅಲ್ಲಿನ ಶಾಲೆಗಳಲ್ಲಿವೆ.

ನಮ್ಮ ದೇಶದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯ ಆರಂಭಿಸಿದರು. ಅದರ ಮೊದಲ ಪ್ರೇರಣೆ ಹಂಗೇರಿಯ ಒಂದು ಗೊಂಬೆ. ಭಾರತದ ಬೇರೆ ಬೇರೆ ಪ್ರಾಂತಗಳ ಉಡುಪು ತೊಟ್ಟ ಗೊಂಬೆಗಳನ್ನು ಅಲ್ಲಿಯೇ ಕೈಯಿಂದ ಮಾಡುತ್ತಾರೆ. ದೆಹಲಿಗೆ ಪ್ರವಾಸ ಹೋದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹೊರಗೆ ಬರುವಾಗ ಮಕ್ಕಳು ಕೇಳುವ ಪ್ರಶ್ನೆ ಇದೇ ಇರುತ್ತದೆ: ನಮ್ಮೂರ ಉಡುಪು ಯಾವುದು?

ಹೊಟ್ಟೆಯೊಳಗೆ ಒಂದು ಚೀಟಿ

ಈ ದಸರಾ ರಜೆಗೆ ಗೊಂಬೆ ಮಾಡಲು ಕೂರುವ ಅಜ್ಜ-ಅಜ್ಜಿಯರಿಗೆ ಎರಡು ಮಾತು. ಮಗುವಿನ ಹೊಲಿಗೆ ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಡಿ. ಗೊಂಬೆ ನಿಂತರೆ ಸಾಕು. ಸೂಜಿಗಳನ್ನು ಕೆಲಸದ ಮೊದಲು ಎಣಿಸಿ, ಮುಗಿದ ಮೇಲೆ ಮತ್ತೆ ಎಣಿಸಿ. ಒಂದು ಕಡಿಮೆ ಬಂದರೂ ಸಿಗುವವರೆಗೆ ಯಾರೂ ಮೇಲೇಳಬಾರದು. ಗೊಂಬೆಯೊಳಗೆ ಸೂಜಿ ಉಳಿದರೆ ಅಪಾಯ.

ಮಕ್ಕಳೇ, ನಿಮಗೆ ಒಂದೇ ಮಾತು. ಹೊಟ್ಟೆಗೆ ಹತ್ತಿ ತುಂಬಿ ಬಾಯಿ ಮುಚ್ಚುವ ಮುನ್ನ ಬಿಳಿ ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ತೆಗೆದುಕೊಳ್ಳಿ. ಕಾಗದ ಬೇಡ, ಅದು ಹುಡಿಯಾಗುತ್ತದೆ. ಅಳಿಸದ ಪೆನ್ನಿನಿಂದ ಅದರ ಮೇಲೆ ಗೊಂಬೆ ಮಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ಸೀರೆ ಯಾರದು, ಧೋತರ ಯಾರದು, ಖಣ ಯಾವ ಮದುವೆಯದು ಎಂದು ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಅದನ್ನೂ ಬರೆಯಿರಿ. ಪಟ್ಟಿಯನ್ನು ಸುರುಳಿ ಸುತ್ತಿ ಹತ್ತಿಯ ನಡುವೆ ಇಟ್ಟು ಹೊಲಿದುಬಿಡಿ. ಎಂದೋ ಒಂದು ದಿನ ಆ ಗೊಂಬೆ ಹರಿದು ಯಾರೋ ರಿಪೇರಿಗೆ ಕೂತಾಗ ಆ ಹೆಸರುಗಳು ಅವರ ಕೈಗೆ ಸಿಗುತ್ತವೆ.